ಡ್ರ್ಯಾಗ್ ಸ್ಟ್ರಿಪ್‌ಗೆ ಮೊದಲ ಸಲ ಹೊರಟಿದ್ದೀರಾ? ಇದನ್ನು ಓದಿಕೊಂಡು ಹೋಗಿ

ಹೊರಗೆ ನಿಂತು ನೋಡುವವರಿಗೆ ಡ್ರ್ಯಾಗ್ ರೇಸ್ ತುಂಬಾ ಸುಲಭ ಅನ್ನಿಸುತ್ತದೆ. ನೇರ ರಸ್ತೆ, ಎರಡು ಗಾಡಿ, ಹಸಿರು ದೀಪ ಬಂತು, ಆಕ್ಸಿಲರೇಟರ್ ಒತ್ತಿದರು, ಮುಗೀತು. ತಿರುವಿಲ್ಲ, ಓವರ್‌ಟೇಕ್ ಇಲ್ಲ. ಆದರೆ ಸ್ವಂತ ಗಾಡಿ ತೆಗೆದುಕೊಂಡು ಮೊದಲ ಸಲ ಹೋದವರಿಗೆ ಎದೆ ಡವಡವ ಅನ್ನೋದು ಓಡಿಸುವಾಗ ಅಲ್ಲ, ಸ್ಟಾರ್ಟ್ ಲೈನಿನ ಹಿಂದೆ. ಎದುರಿಗೆ ನೀರು ನಿಂತಿದೆ, ಅದರೊಳಗೆ ಹೋಗಬೇಕಾ ಬೇಡವಾ ಗೊತ್ತಿಲ್ಲ. ಒಬ್ಬರು ಕೈ ಬೀಸಿ ಕರೆಯುತ್ತಿದ್ದಾರೆ, ಕಂಬದ ಮೇಲೆ ಏನೇನೋ ದೀಪ ಹತ್ತುತ್ತಿವೆ, ಪಕ್ಕದ ಗಾಡಿಯವನು ಆಗಲೇ ರೆಡಿ, ಹಿಂದೆ ಉದ್ದದ ಸಾಲು.

ಹಾಗಾಗಿ ನನ್ನ ಸಲಹೆ ಸರಳ. ಮೊದಲ ಸಲ ಒಳ್ಳೆಯ ಟೈಮ್ ತೆಗೆಯಬೇಕು ಅನ್ನೋ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಸ್ಟಾರ್ಟ್ ಲೈನಿನಲ್ಲಿ ಏನಾದ ಮೇಲೆ ಏನು ಅನ್ನೋ ಕ್ರಮ ಕಲಿತು ಬಂದರೆ ಸಾಕು. ಅದು ಕೈಗೆ ಹತ್ತಿದ ಮೇಲೆ ಟೈಮ್ ಇಳಿಸೋದು ಎಷ್ಟೋ ಸುಲಭ.

ಯಾವ ದಿನ ಹೋಗಬೇಕು

ಬಹಳಷ್ಟು ಸ್ಟ್ರಿಪ್‌ಗಳಲ್ಲಿ, ಅಂದರೆ ಡ್ರ್ಯಾಗ್ ರೇಸಿನ ಟ್ರ್ಯಾಕುಗಳಲ್ಲಿ, ಸ್ಪರ್ಧೆ ಇಲ್ಲದ ದಿನಗಳು ಇರುತ್ತವೆ. ಇದಕ್ಕೆ ಟೆಸ್ಟ್ ಅಂಡ್ ಟ್ಯೂನ್ ಅನ್ನುತ್ತಾರೆ. ರಸ್ತೆಯಲ್ಲಿ ಓಡಿಸುವ ಮಾಮೂಲಿ ಗಾಡಿ ತಂದು, ಹಣ ಕಟ್ಟಿ, ಸಾಲಿನಲ್ಲಿ ನಿಂತು ಓಡಿಸಬಹುದು. ಗೆಲ್ಲೋದು ಸೋಲೋದು ಏನೂ ಇಲ್ಲ. ನೀವು ಹೋಗಬೇಕಾದ್ದು ಇಂಥ ದಿನವೇ. ದೊಡ್ಡ ಸ್ಪರ್ಧೆಯ ದಿನ ಎಲ್ಲರೂ ಗಡಿಬಿಡಿಯಲ್ಲಿರುತ್ತಾರೆ, ಹೊಸಬರಿಗೆ ಹೇಳಿಕೊಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಹೊರಡುವ ಮುಂಚೆ ಒಂದು ಫೋನ್ ಮಾಡಿ. ಗೇಟ್ ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಯಾವ ಕಾಗದ ತರಬೇಕು, ಹೆಲ್ಮೆಟ್ ಯಾವ ದರ್ಜೆಯದ್ದು ಇರಬೇಕು, ಟ್ರ್ಯಾಕ್ ಎಷ್ಟು ಉದ್ದ ಅಂತ ಕೇಳಿ. ಕಾಲು ಮೈಲಿ ಅಂದರೆ 402 ಮೀಟರ್, ಎಂಟನೇ ಒಂದು ಮೈಲಿ ಅಂದರೆ 201 ಮೀಟರ್. ಎರಡೂ ಬಳಕೆಯಲ್ಲಿವೆ. ಇನ್‌ಶೂರೆನ್ಸ್ ಪತ್ರವನ್ನೂ ಒಮ್ಮೆ ತೆಗೆದು ಓದಿ, ಎಷ್ಟೋ ಪಾಲಿಸಿಗಳು ರೇಸ್ ಟ್ರ್ಯಾಕಿನಲ್ಲಿ ಆದ ಹಾನಿಗೆ ದುಡ್ಡು ಕೊಡುವುದಿಲ್ಲ. ಹವಾಮಾನವನ್ನೂ ನೋಡಿಕೊಳ್ಳಿ. ಸಣ್ಣ ಮಳೆ ಬಂದರೂ ಓಟ ನಿಲ್ಲುತ್ತದೆ, ಟ್ರ್ಯಾಕ್ ಪೂರ್ತಿ ಒಣಗುವವರೆಗೆ ಮತ್ತೆ ಶುರುವಾಗಲ್ಲ.

ಸಾಧ್ಯವಾದರೆ ಒಂದು ಸಲ ಸುಮ್ನೆ ನೋಡೋಕೆ ಅಂತ ಹೋಗಿ ಬನ್ನಿ. ಫಿನಿಶ್ ಲೈನಿನ ಕಡೆ ಕೂರಬೇಡಿ, ಸ್ಟಾರ್ಟ್ ಲೈನಿನ ಹತ್ತಿರ ಬೇಲಿಯಾಚೆ ನಿಂತು ನೋಡಿ. ನಿಮ್ಮಂಥದ್ದೇ ಗಾಡಿಯವರು ನೀರಿನ ಹತ್ತಿರ ಏನು ಮಾಡುತ್ತಾರೆ, ಎಷ್ಟು ನಿಧಾನ ಮುಂದೆ ಬರುತ್ತಾರೆ, ಓಡಿ ಮುಗಿದ ಮೇಲೆ ಎಲ್ಲಿಂದ ವಾಪಸ್ ಬರುತ್ತಾರೆ, ಇಷ್ಟನ್ನು ಒಂದರ್ಧ ಗಂಟೆ ಗಮನಿಸಿದರೆ ಈ ಲೇಖನದ ಅರ್ಧ ನಿಮಗೆ ಬೇಕಾಗುವುದೇ ಇಲ್ಲ. ಕಿವಿಗೆ ಇಯರ್ ಪ್ಲಗ್ ಮರೆಯಬೇಡಿ, ಮಕ್ಕಳಿದ್ದರೆ ಅವರ ಕಿವಿ ಮುಚ್ಚುವಂಥದ್ದು ತರಲೇಬೇಕು. ಡ್ರ್ಯಾಗ್ ರೇಸಿನ ಅತಿ ವೇಗದ ವರ್ಗವಾದ ಟಾಪ್ ಫ್ಯೂಯಲ್ ಗಾಡಿ ಓಡುವ ದಿನ ಹೋದರಂತೂ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ನೈಟ್ರೋಮೀಥೇನ್ ಅನ್ನೋ ಇಂಧನ ಸುಡುವ ಆ ಎಂಜಿನ್‌ಗಳಿಗೆ 11,000ಕ್ಕೂ ಜಾಸ್ತಿ ಹಾರ್ಸ್ ಪವರ್. ಗಂಟೆಗೆ 530 ಕಿಲೋಮೀಟರ್ ದಾಟಿಬಿಡುತ್ತವೆ. ಅಷ್ಟು ವೇಗ ಅಪಾಯ ಅಂತಲೇ ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆ 2008ರಲ್ಲಿ ಒಬ್ಬ ಚಾಲಕ ಸತ್ತ ಮೇಲೆ ಅವುಗಳ ಓಟವನ್ನು ಕಾಲು ಮೈಲಿಯಿಂದ 1,000 ಅಡಿಗೆ ಇಳಿಸಿತು.

ಯಾವ ಗಾಡಿ

ದಿನಾ ಓಡಿಸುವ ಗಾಡಿ. ಅಷ್ಟೇ. ಹೊಸ ಟೈರ್ ಹಾಕಿಸೋಣ, ಎಕ್ಸಾಸ್ಟ್ ಬದಲಾಯಿಸೋಣ, ಆಮೇಲೆ ಹೋಗೋಣ ಅಂತ ಕಾಯುವವರು ವರ್ಷಗಟ್ಟಲೆ ಕಾಯುತ್ತಲೇ ಇರುತ್ತಾರೆ. ಹಾಗೆ ಬದಲಾಯಿಸಿದ್ದರಿಂದ ಎಷ್ಟು ಲಾಭ ಆಯಿತು ಅಂತ ತಿಳಿಯಬೇಕಾದರೆ, ಬದಲಾಯಿಸುವ ಮುಂಚೆ ಗಾಡಿ ಎಷ್ಟು ಓಡುತ್ತಿತ್ತು ಅಂತ ಗೊತ್ತಿರಬೇಕು ಅಲ್ವಾ? ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ತನ್ನಿ. ಕಾಲು ಮೈಲಿಗೆ 15, 16, 18 ಸೆಕೆಂಡ್ ತೆಗೆದುಕೊಂಡರೂ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಾಲಿನಲ್ಲಿ ನಿಮ್ಮಂಥವರು ಬೇಕಾದಷ್ಟು ಜನ ಇರುತ್ತಾರೆ.

ಗಾಡಿ ನಿಧಾನ ಇದ್ದರೂ ನಡೆಯುತ್ತದೆ, ಸೋರುತ್ತಿದ್ದರೆ ನಡೆಯುವುದಿಲ್ಲ. ಟ್ರ್ಯಾಕಿನ ಮೇಲೆ ಒಂದು ಗಾಡಿ ಎಣ್ಣೆ ಚೆಲ್ಲಿದರೆ ಅದನ್ನು ತೊಳೆದು, ಒಣಗಿಸಿ, ಮತ್ತೆ ಹಿಡಿತ ಬರುವಂತೆ ಮಾಡಲು ತುಂಬಾ ಹೊತ್ತು ಬೇಕು. ಎಲ್ಲರ ಓಟವೂ ಅಲ್ಲಿಗೆ ನಿಂತು ಹೋಗುತ್ತದೆ, ಹಿಂದೆ ಬರುವವರ ಜೀವಕ್ಕೂ ಅಪಾಯ. ಅದಕ್ಕೇ ನಾಲ್ಕೈದು ದಿನ ಮುಂಚೆ ಗಾಡಿ ನಿಲ್ಲಿಸುವ ಜಾಗದಲ್ಲಿ ರಾತ್ರಿ ಒಂದು ದೊಡ್ಡ ರಟ್ಟು ಹಾಸಿ, ಬೆಳಗ್ಗೆ ನೋಡಿ. ಒಂದು ಹನಿ ಬಿದ್ದಿದ್ದರೂ ಎಲ್ಲಿಂದ ಅಂತ ಹುಡುಕಿ ಸರಿಪಡಿಸಿ. ಆಮೇಲೆ ಬ್ರೇಕ್. ಪೆಡಲ್ ಮೆತ್ತಗಿದ್ದರೆ, ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಮಾಮೂಲಿ ಕಾರು ಕೂಡ ಕಾಲು ಮೈಲಿಯ ಕೊನೆಗೆ ಗಂಟೆಗೆ 140 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ, ಅಲ್ಲಿಂದ ನಿಲ್ಲಿಸಬೇಕು.

ಟೈರಿನಲ್ಲಿ ಬಿರುಕು, ಉಬ್ಬು, ಹೊರಗೆ ಕಾಣುವ ತಂತಿ ಇದ್ದರೆ ಒಳಗೇ ಬಿಡುವುದಿಲ್ಲ. ಬ್ಯಾಟರಿ ಅದರ ಕ್ಲ್ಯಾಂಪಿನಲ್ಲಿ ಗಟ್ಟಿಯಾಗಿ ಕೂತಿರಬೇಕು, ಹಗ್ಗ, ರಬ್ಬರ್ ಪಟ್ಟಿಯಲ್ಲಿ ಕಟ್ಟಿದ್ದರೆ ವಾಪಸ್ ಕಳಿಸುತ್ತಾರೆ. ರೇಡಿಯೇಟರ್ ಕ್ಯಾಪ್, ಹೋಸ್ ಪೈಪುಗಳು, ಸೀಟ್ ಬೆಲ್ಟ್ ಬಕಲ್, ಆಕ್ಸಿಲರೇಟರ್ ಬಿಟ್ಟಾಗ ಪೂರ್ತಿ ವಾಪಸ್ ಬರುತ್ತದಾ, ಎಲ್ಲಾ ನೋಡಿ. ವೀಲ್ ನಟ್‌ಗಳನ್ನು ಹಿಂದಿನ ದಿನ ಸರಿಯಾಗಿ ಬಿಗಿ ಮಾಡಿ. ಪ್ಲಾಸ್ಟಿಕ್ ವೀಲ್ ಕ್ಯಾಪ್ ಇದ್ದರೆ ತೆಗೆದು ಮನೆಯಲ್ಲಿಡಿ.

ಪೆಟ್ರೋಲ್ ಫುಲ್ ಟ್ಯಾಂಕ್ ಬೇಡ, ಸುಮ್ನೆ ತೂಕ. ಹಾಗಂತ ತಳ ಕಾಣುವಷ್ಟು ಕಮ್ಮಿಯೂ ಬೇಡ, ಗಾಡಿ ಮುಂದಕ್ಕೆ ಜಿಗಿದಾಗ ಪೆಟ್ರೋಲ್ ಹಿಂದಕ್ಕೆ ಸರಿದು ಎಂಜಿನ್ ಒಂದು ಕ್ಷಣ ಉಸಿರುಗಟ್ಟಬಹುದು. ಕಾಲು ಟ್ಯಾಂಕಿನಿಂದ ಅರ್ಧದವರೆಗೆ ಸಾಕು, ಮನೆಗೆ ವಾಪಸ್ ಬರುವ ದೂರವನ್ನೂ ಲೆಕ್ಕ ಹಾಕಿಕೊಳ್ಳಿ. ಎಲೆಕ್ಟ್ರಿಕ್ ಗಾಡಿಯಾದರೆ ಉಲ್ಟಾ. ಚಾರ್ಜ್ ಇಳಿದಷ್ಟೂ ಪವರ್ ಕಮ್ಮಿಯಾಗುವುದರಿಂದ ಜಾಸ್ತಿ ಚಾರ್ಜ್ ಇಟ್ಟುಕೊಂಡೇ ಹೋಗಿ.

ಮೈಮೇಲೆ ಏನು, ಚೀಲದಲ್ಲಿ ಏನು

ಉದ್ದ ಪ್ಯಾಂಟ್, ತೋಳಿರುವ ಅಂಗಿ, ಕಾಲು ಪೂರ್ತಿ ಮುಚ್ಚುವ ಶೂ. ಚಡ್ಡಿ, ಚಪ್ಪಲಿ ಹಾಕಿಕೊಂಡು ಹೋದರೆ ಓಡಿಸಲು ಬಿಡುವುದಿಲ್ಲ. ಸಿಂಥೆಟಿಕ್ ಬಟ್ಟೆ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ, ಅದಕ್ಕೆ ಹತ್ತಿಯದ್ದು ಒಳ್ಳೆಯದು. ಎನ್‌ಎಚ್‌ಆರ್‌ಎ ನಿಯಮದಲ್ಲಿ ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಕಾರಿಗೆ ಹೆಲ್ಮೆಟ್ ಕಡ್ಡಾಯ. ಕೆಲವು ಕಡೆ ಎಷ್ಟೇ ನಿಧಾನದ ಗಾಡಿಯಾದರೂ ಕೇಳುತ್ತಾರೆ. ಕೇಳಲಿ ಬಿಡಲಿ, ನಾನಂತೂ ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ. ಬೈಕಿನವರಿಗೆ ಫುಲ್ ಫೇಸ್ ಹೆಲ್ಮೆಟ್, ಲೆದರ್ ಜಾಕೆಟ್, ಗ್ಲೌಸ್, ಹಿಮ್ಮಡಿಯ ಗಂಟು ಮುಚ್ಚುವ ಬೂಟು ಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಚೀಲಕ್ಕೆ ಟೈರ್ ಗಾಳಿ ನೋಡುವ ಗೇಜ್, ಗಾಳಿ ತುಂಬುವ ಸಣ್ಣ ಪಂಪ್, ವೀಲ್ ಸ್ಪ್ಯಾನರ್, ಒರೆಸುವ ಬಟ್ಟೆ, ನೋಟ್‌ಬುಕ್, ಪೆನ್ನು. ಕುಡಿಯುವ ನೀರು ಜಾಸ್ತಿಯೇ ಇರಲಿ. ಮಡಚುವ ಕುರ್ಚಿ, ಟೋಪಿ. ಮತ್ತೆ ಒಂದು ದೊಡ್ಡ ಡಬ್ಬ ಅಥವಾ ಟಾರ್ಪಾಲು ತನ್ನಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೇಟಿನಿಂದ ಸಾಲಿನವರೆಗೆ

ಗೇಟ್ ತೆಗೆಯುವ ಹೊತ್ತಿಗೇ ಹೋಗಿ. ಬೇಗ ಹೋದವರಿಗೆ ಜಾಸ್ತಿ ಓಟ ಸಿಗುತ್ತದೆ. ಏನಾದರೂ ಆದರೆ ಜವಾಬ್ದಾರಿ ನನ್ನದೇ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಓದಿ ಹಾಕಿ. ಆಮೇಲೆ ಗಾಡಿ ತಪಾಸಣೆ. ಬಾನೆಟ್ ತೆಗೆದು, ಹೆಲ್ಮೆಟ್ ಪಕ್ಕದಲ್ಲಿಟ್ಟುಕೊಂಡು ನಿಲ್ಲಿ. ನೋಡುವವರಿಗೆ ಇದು ಮೊದಲ ಸಲ ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಡಿ. ಇದು ಬಹಳ ಮುಖ್ಯ. ಸ್ಟಾರ್ಟ್ ಲೈನಿನಲ್ಲಿ ನಿಲ್ಲುವವರಿಗೂ ಇದನ್ನೇ ಹೇಳಿ. ಹೊಸಬರು ಅಂತ ಗೊತ್ತಾದರೆ ಅವರೇ ಕೈಸನ್ನೆ ಮಾಡಿ ಒಂದೊಂದೇ ಹೆಜ್ಜೆ ಮುಂದೆ ಕರೆಯುತ್ತಾರೆ. ಎಲ್ಲಾ ಗೊತ್ತಿರುವ ಹಾಗೆ ಮುಖ ಮಾಡಿಕೊಂಡು ನಿಂತರೆ ಅವರೂ ಸುಮ್ಮನಿರುತ್ತಾರೆ. ತಪಾಸಣೆ ಮುಗಿದ ಮೇಲೆ ಗಾಜಿನ ಮೇಲೆ ನಿಮ್ಮ ನಂಬರ್ ಬರೆಯುತ್ತಾರೆ.

ಈಗ ಗಾಡಿ ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ಗೊಂಬೆ, ಸೀಟಿನ ಕೆಳಗಿನ ಕೊಡೆ, ಎಲ್ಲಾ ಹೊರಗೆ. ಡಬ್ಬ, ಟಾರ್ಪಾಲು ಇದಕ್ಕೇ. ತೂಕ ಇಳಿಯುವುದು ಒಂದು ಲಾಭ, ಸುಮಾರು 45 ಕಿಲೋ ಇಳಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಯುತ್ತದೆ ಅನ್ನೋದು ಇಲ್ಲಿಯವರ ಹಳೇ ಲೆಕ್ಕ. ಅದಕ್ಕಿಂತ ಮುಖ್ಯವಾಗಿ, ಉರುಳಿ ಬಂದ ಒಂದು ಬಾಟಲಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಏನು ಗತಿ? ಡ್ರೈವರ್ ಕಡೆಯ ಫ್ಲೋರ್ ಮ್ಯಾಟನ್ನೂ ತೆಗೆಯಿರಿ.

ಸಾಲಿನಲ್ಲಿ ನಿಂತಿರುವಾಗ ಎಂಜಿನ್ ಆಫ್ ಮಾಡಿ. ಎಸಿ ಆಫ್ ಮಾಡಿ, ಅದರಿಂದ ತೊಟ್ಟಿಕ್ಕುವ ನೀರು ಸ್ಟಾರ್ಟ್ ಲೈನ್ ಮೇಲೆ ಬೀಳಬಾರದು. ನಿಮ್ಮ ಸರದಿಗೆ ಮುಂಚೆ ಗಾಜು ಏರಿಸಿ, ಬೆಲ್ಟ್, ಹೆಲ್ಮೆಟ್ ಹಾಕಿಕೊಂಡು ತಯಾರಾಗಿರಿ. ಸಾಮಾನ್ಯವಾಗಿ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಪಿಟ್ ಜಾಗದಲ್ಲಿ, ಅಂದರೆ ಗಾಡಿಗಳನ್ನು ನಿಲ್ಲಿಸಿ ತಯಾರು ಮಾಡುವ ಕಡೆ, ನಡೆದುಹೋಗುವ ವೇಗದಲ್ಲೇ ಓಡಿಸಿ, ಅಲ್ಲಿ ಟೈರ್ ಕಿರುಚಿಸಿದರೆ ಮನೆಗೆ ಕಳಿಸುತ್ತಾರೆ.

ನೀರು, ದೀಪ, ಗೆರೆ

ಮೊದಲು ನೀರು. ಸ್ಟಾರ್ಟ್ ಲೈನಿಗೆ ಸ್ವಲ್ಪ ಹಿಂದೆ ನೆಲ ಒದ್ದೆ ಮಾಡಿರುತ್ತಾರೆ. ರೇಸಿಗೆ ಅಂತಲೇ ಮಾಡಿದ, ಗೆರೆಗಳೇ ಇಲ್ಲದ ಸ್ಲಿಕ್ ಟೈರಿನವರು ಅಲ್ಲಿ ಚಕ್ರ ತಿರುಗಿಸಿ, ಹೊಗೆ ಎಬ್ಬಿಸಿ, ಟೈರ್ ಬಿಸಿ ಮಾಡಿಕೊಳ್ಳುತ್ತಾರೆ. ನಿಮ್ಮದು ರಸ್ತೆಯ ಟೈರ್. ಅದರ ಗೆರೆಗಳು ನೀರು ತುಂಬಿಕೊಂಡು ಸ್ಟಾರ್ಟ್ ಲೈನಿನವರೆಗೆ ಹೊತ್ತು ತರುತ್ತವೆ, ನಿಮಗೂ ಜಾರುತ್ತದೆ, ಹಿಂದೆ ಬರುವವರಿಗೂ ಜಾರುತ್ತದೆ. ಆದ್ದರಿಂದ ಜಾಗ ಇದ್ದರೆ ನೀರನ್ನು ಸುತ್ತಿಕೊಂಡು ಮುಂದೆ ಬನ್ನಿ. ದಾಟಿದ ಮೇಲೆ ಬೇಕಾದರೆ ಚಕ್ರವನ್ನು ಒಂದು ಕ್ಷಣ ತಿರುಗಿಸಿ ಧೂಳು, ಸಣ್ಣ ಕಲ್ಲು ಉದುರಿಸಿಕೊಳ್ಳಿ. ಅಷ್ಟು ಸಾಕು. ಸಿನಿಮಾದ ಹಾಗೆ ಹೊಗೆ ಎಬ್ಬಿಸುವ ಆಸೆ ಇದ್ದರೆ ಇನ್ನೊಂದು ದಿನ ನೋಡಿಕೊಳ್ಳೋಣ.

ಈಗ ಎದುರಿಗೆ ದೀಪದ ಕಂಬ. ಇದಕ್ಕೆ ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ, 1963ರಿಂದ ಬಳಕೆಗೆ ಬಂದದ್ದು. ಅದಕ್ಕೂ ಮುಂಚೆ ಒಬ್ಬರು ಬಾವುಟ ಬೀಸುತ್ತಿದ್ದರು. ನೆಲಕ್ಕೆ ಹತ್ತಿರದಲ್ಲಿ ಟ್ರ್ಯಾಕಿಗೆ ಅಡ್ಡವಾಗಿ ಎರಡು ಬೆಳಕಿನ ಕಿರಣಗಳಿರುತ್ತವೆ. ಮುಂದಿನ ಚಕ್ರ ಮೊದಲನೆಯದನ್ನು ತಡೆದಾಗ ಮೇಲಿನ ಪ್ರೀ ಸ್ಟೇಜ್ ದೀಪ ಹತ್ತುತ್ತದೆ. ಅಲ್ಲೇ ನಿಲ್ಲಿ. ಪಕ್ಕದವರ ಮೊದಲ ದೀಪವೂ ಹತ್ತುವವರೆಗೆ ಕಾಯುವುದು ಇಲ್ಲಿಯ ಮರ್ಯಾದೆ. ಆಮೇಲೆ ಇನ್ನೊಂದು ಗೇಣು ಮುಂದೆ ಸರಿದರೆ ಎರಡನೇ ದೀಪ, ಅಂದರೆ ಸ್ಟೇಜ್. ಎರಡು ಕಿರಣಗಳ ನಡುವೆ ಇರುವುದು 7 ಇಂಚು ಮಾತ್ರ. ಹೊಸಬರು ದಾಟಿ ಹೋಗೋದು ಇಲ್ಲೇ. ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇರುವೆಯ ಹಾಗೆ ತೆವಳಿ. ಎರಡನೇ ದೀಪ ಹತ್ತಿದ ತಕ್ಷಣ ನಿಲ್ಲಿ, ಒಂದಿಂಚೂ ಮುಂದೆ ಬೇಡ. ಜಾಸ್ತಿ ಹೋಗಿಬಿಟ್ಟರೆ ಗಾಬರಿಯಾಗಬೇಡಿ, ಅಲ್ಲಿರುವವರು ಹಿಂದೆ ಬರಲು ಸನ್ನೆ ಮಾಡುತ್ತಾರೆ. ಅವರು ಹೇಳದೆ ರಿವರ್ಸ್ ಹಾಕಬೇಡಿ, ಹಾಕಿದ್ದರೆ ವಾಪಸ್ ಮುಂದಿನ ಗೇರಿಗೆ ಬಂದಿದ್ದೀರಾ ಅಂತ ಎರಡು ಸಲ ನೋಡಿಕೊಳ್ಳಿ.

ಇಬ್ಬರೂ ಸ್ಟೇಜ್ ಆದ ಮೇಲೆ ಯಾವ ಕ್ಷಣದಲ್ಲಾದರೂ ದೀಪಗಳು ಮೇಲಿನಿಂದ ಕೆಳಗೆ ಹತ್ತಲು ಶುರುವಾಗಬಹುದು. ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದರಂತೆ ಹತ್ತುತ್ತವೆ, ಕೊನೆಯ ಹಳದಿಯಾದ ಅರ್ಧ ಸೆಕೆಂಡಿಗೆ ಹಸಿರು. ವೃತ್ತಿಪರರಿಗೆ ಬೇರೆ ಕ್ರಮ, ಮೂರೂ ಹಳದಿ ಒಟ್ಟಿಗೇ ಹತ್ತಿ 0.4 ಸೆಕೆಂಡಿಗೆ ಹಸಿರು ಬರುತ್ತದೆ. ನಿಮ್ಮ ಕಣ್ಣು ನೋಡಿ, ಕಾಲು ಒತ್ತಿ, ಗಾಡಿ ಅಲುಗಾಡಿ ಚಕ್ರ ಆ ಕಿರಣದಿಂದ ಆಚೆ ಹೋಗುವಷ್ಟರಲ್ಲಿ ಹೆಚ್ಚುಕಮ್ಮಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ಅದಕ್ಕೇ ಪಳಗಿದವರು ಮೂರನೇ ಹಳದಿ ಕಂಡ ಕೂಡಲೇ ಹೊರಡುತ್ತಾರೆ. ಹಸಿರಿಗಿಂತ ಮುಂಚೆ ಚಕ್ರ ಹೊರಟರೆ ಕೆಂಪು ದೀಪ.

ನೀವು ಮೊದಲ ಕೆಲವು ಓಟ ಹಸಿರನ್ನೇ ಕಾಯಿರಿ. ಹೊಸಬರಿಗೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. ಗಡಿಯಾರ ಶುರುವಾಗುವುದು ಹಸಿರು ದೀಪಕ್ಕಲ್ಲ, ನಿಮ್ಮ ಚಕ್ರ ಕಿರಣ ಬಿಟ್ಟು ಹೊರಟಾಗ. ಹಸಿರು ಬಂದು ಎರಡು ಸೆಕೆಂಡ್ ಸುಮ್ಮನೆ ಕೂತು ಆಮೇಲೆ ಹೊರಟರೂ ನಿಮ್ಮ ಓಟದ ಸಮಯ ಕೆಡುವುದಿಲ್ಲ. ಟೆಸ್ಟ್ ದಿನದಲ್ಲಿ ಪಕ್ಕದವನು ಮುಂದೆ ಹೋದರೆ ಹೋಗಲಿ ಬಿಡಿ.

ಓಟ

ಟ್ರ್ಯಾಕಿನ ಮೊದಲ ಭಾಗದಲ್ಲಿ ಅಂಟು ದ್ರಾವಣ ಸಿಂಪಡಿಸಿ, ರಬ್ಬರ್ ಮೆತ್ತಿರುತ್ತಾರೆ. ನಡೆದರೆ ಶೂ ಕಿತ್ತು ಬರುವಷ್ಟು ಅಂಟು. ಆದರೂ ರಸ್ತೆ ಟೈರಿಗೆ ಒಂದೇ ಸಲ ಪೂರ್ತಿ ಪವರ್ ಕೊಟ್ಟರೆ ಚಕ್ರ ಸುಮ್ನೆ ತಿರುಗುತ್ತದೆ. ಮ್ಯಾನುಯಲ್ ಗಾಡಿಯಾದರೆ 2,000 ಆರ್‌ಪಿಎಂ ಸುತ್ತಮುತ್ತ ಇಟ್ಟುಕೊಂಡು ಕ್ಲಚ್ ಅನ್ನು ಸ್ವಲ್ಪ ಜಾರಿಸಿ ಬಿಡಿ, ಗಾಡಿ ಹಿಡಿತಕ್ಕೆ ಬಂದ ಮೇಲೆ ಕಾಲು ಪೂರ್ತಿ ಒತ್ತಿ. ಆಟೋಮ್ಯಾಟಿಕ್ ಆದರೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿ, ಬೇರೆ ಯಾವ ಚಮತ್ಕಾರವೂ ಮೊದಲ ದಿನಕ್ಕೆ ಬೇಡ. ನಿಮ್ಮ ಲೇನಿನ ನಡುವೆಯೇ ಇರಿ. ಗಾಡಿ ಪಕ್ಕಕ್ಕೆ ಎಳೆಯಲು ಶುರುವಾದರೆ ಕಾಲು ತೆಗೆಯಿರಿ, ಹಟ ಬೇಡ.

ಫಿನಿಶ್ ಲೈನ್ ಎಲ್ಲಿದೆ ಅಂತ ಮುಂಚೆಯೇ ಕೇಳಿ ಗುರುತು ಇಟ್ಟುಕೊಳ್ಳಿ. ಒಳಗೆ ಕೂತಾಗ ಅದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ, ಎಷ್ಟೋ ಜನ ಮುಂಚೆಯೇ ಕಾಲು ತೆಗೆದುಬಿಡುತ್ತಾರೆ. ದಾಟಿದ ಮೇಲೆ ಗಕ್ಕನೆ ಬ್ರೇಕ್ ತುಳಿಯಬೇಡಿ. ಮುಂದೆ ಉದ್ದದ ಜಾಗ ಅದಕ್ಕೇ ಬಿಟ್ಟಿರುತ್ತಾರೆ. ಪಕ್ಕದ ಗಾಡಿ ಎಲ್ಲಿದೆ ಅಂತ ಕಾಣದೆ ಅದರ ಮುಂದೆ ಅಡ್ಡ ತಿರುಗಬಾರದು. ವಾಪಸ್ ರಸ್ತೆಗೆ ಹತ್ತಿರದ ಲೇನಿನವರು ಮೊದಲು ತಿರುಗುತ್ತಾರೆ, ಆಮೇಲೆ ಇನ್ನೊಬ್ಬರು. ಟ್ರ್ಯಾಕಿನಲ್ಲೇ ಯೂ ಟರ್ನ್ ಹೊಡೆದು ಸ್ಟಾರ್ಟ್ ಲೈನ್ ಕಡೆ ಬರೋದಂತೂ ಯಾವ ಕಾರಣಕ್ಕೂ ಕೂಡದು. ಓಡುವಾಗ ಏನಾದರೂ ಮುರಿದ ಸದ್ದು, ಹೊಗೆ, ಎಣ್ಣೆಯ ವಾಸನೆ ಬಂದರೆ ಕಾಲು ತೆಗೆದು ಓಟದ ದಾರಿಯಿಂದ ಪಕ್ಕಕ್ಕೆ, ಗೋಡೆಯ ಕಡೆಗೆ ಸರಿದು ನಿಲ್ಲಿಸಿ. ಫಿನಿಶ್ ಲೈನ್ ಮುಟ್ಟಿಸಲೇಬೇಕು ಅಂತ ಎಳೆದುಕೊಂಡು ಹೋದರೆ ಎಣ್ಣೆ ಟ್ರ್ಯಾಕ್ ಉದ್ದಕ್ಕೂ ಹರಡುತ್ತದೆ.

ಚೀಟಿ ಓದುವುದು

ವಾಪಸ್ ಬರುವ ದಾರಿಯಲ್ಲಿ ಒಂದು ಸಣ್ಣ ಗೂಡಿನಲ್ಲಿ ಟೈಮ್ ಸ್ಲಿಪ್ ಕೊಡುತ್ತಾರೆ. ಮೊದಲ ಸಾಲು ರಿಯಾಕ್ಷನ್ ಟೈಮ್, ಹಸಿರಿಗೂ ನೀವು ಹೊರಟದ್ದಕ್ಕೂ ನಡುವಿನ ಅಂತರ. ಆಮೇಲೆ 60 ಅಡಿ, 330 ಅಡಿ, ಎಂಟನೇ ಒಂದು ಮೈಲಿ, 1,000 ಅಡಿ, ಕೊನೆಗೆ ಕಾಲು ಮೈಲಿಯ ಸಮಯ ಮತ್ತು ಸ್ಪೀಡ್. ಆ ಸ್ಪೀಡ್ ಕೊನೆಯ 66 ಅಡಿಯ ಸರಾಸರಿ.

ಎಲ್ಲರೂ ಕೊನೆಯ ಸಾಲು ನೋಡುತ್ತಾರೆ. ನೀವು 60 ಅಡಿಯದ್ದು ನೋಡಿ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕಾಲು ಮೈಲಿಯ ಕೊನೆಗೆ ಅದಕ್ಕಿಂತ ಜಾಸ್ತಿಯೇ ಉಳಿಯುತ್ತದೆ, ಯಾಕಂದರೆ ಮುಂದಿನ ಪೂರ್ತಿ ದೂರವನ್ನು ನೀವು ಜಾಸ್ತಿ ವೇಗದಲ್ಲೇ ಶುರು ಮಾಡಿರುತ್ತೀರಿ. ಕೊನೆಯ ಸ್ಪೀಡ್ ಮುಖ್ಯವಾಗಿ ಎಂಜಿನ್ನಿನ ಬಲ ಹೇಳುತ್ತದೆ, 60 ಅಡಿ ನಿಮ್ಮ ಕೈಕಾಲಿನ ಕೆಲಸ ಹೇಳುತ್ತದೆ. ಸ್ಪೀಡ್ ಚೆನ್ನಾಗಿದ್ದು ಸಮಯ ಕೆಟ್ಟಿದ್ದರೆ ಹೊರಡುವಾಗಲೇ ಕಳೆದುಕೊಂಡಿದ್ದೀರಿ ಅಂತ ಅರ್ಥ.

ಚೀಟಿಯ ಹಿಂದೆ ಆಗಿನ ಬಿಸಿಲು, ಟೈರ್ ಗಾಳಿ, ಎಷ್ಟು ಆರ್‌ಪಿಎಂಗೆ ಹೊರಟಿರಿ, ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ಆನ್ ಇತ್ತಾ ಆಫ್ ಇತ್ತಾ ಅಂತ ಬರೆದಿಡಿ. ಮುಂದಿನ ಓಟಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಗಾಳಿಯೂ ಇಳಿಸಿ, ಆರ್‌ಪಿಎಂ ಕೂಡ ಏರಿಸಿ, ಟೈಮ್ ಸುಧಾರಿಸಿದರೆ ಯಾವುದರಿಂದ ಅಂತ ದೇವರಿಗೇ ಗೊತ್ತು. ತಂಪು ಗಾಳಿ ಒತ್ತಾಗಿರುವುದರಿಂದ ಸಂಜೆ ಎಂಜಿನ್ ತಾನಾಗೇ ಜಾಸ್ತಿ ಎಳೆಯುತ್ತದೆ, ಅದನ್ನು ನಿಮ್ಮ ಕೈಚಳಕ ಅಂದುಕೊಳ್ಳಬೇಡಿ. ಎರಡು ಓಟದ ನಡುವೆ ಬಾನೆಟ್ ತೆಗೆದಿಟ್ಟು ಗಾಡಿ ಆರಲು ಬಿಡಿ.

ಮುಂದೆ ಸ್ಪರ್ಧೆಗೆ ಇಳಿಯುವ ಮನಸ್ಸಾದರೆ ಬ್ರ್ಯಾಕೆಟ್ ರೇಸ್ ಅಂತ ಒಂದಿದೆ. ನಿಮ್ಮ ಗಾಡಿ ಎಷ್ಟು ಸೆಕೆಂಡಿಗೆ ಓಡುತ್ತದೆ ಅಂತ ನೀವೇ ಮುಂಚೆ ಹೇಳಬೇಕು. ನೀವು 15.50, ಎದುರಾಳಿ 13.50 ಅಂತ ಹೇಳಿದ್ದರೆ ನಿಮಗೆ 2 ಸೆಕೆಂಡ್ ಮುಂಚೆ ಹಸಿರು ಸಿಗುತ್ತದೆ. ಹೇಳಿದ್ದಕ್ಕಿಂತ ಬೇಗ ಓಡಿದರೆ ಸಾಮಾನ್ಯವಾಗಿ ಸೋಲು. ಹಾಗಾಗಿ ನಿಧಾನದ ಗಾಡಿಯವರೂ ದುಬಾರಿ ಗಾಡಿಯವರನ್ನು ಆರಾಮಾಗಿ ಸೋಲಿಸುತ್ತಾರೆ. ಅಲ್ಲಿ ಬೇಕಾದ್ದು ಪ್ರತಿ ಸಲವೂ ಒಂದೇ ಥರ ಓಡಿಸೋದು, ಅದಕ್ಕೆ ಈ ಚೀಟಿಗಳ ಕಟ್ಟೇ ಬಂಡವಾಳ.

ಹೊರಡುವಾಗ

ಬಿಚ್ಚಿಟ್ಟದ್ದೆಲ್ಲ ವಾಪಸ್ ಹಾಕಿ, ಸ್ಟೆಪ್ನಿ ಮರೆತು ಬರುವವರು ಜಾಸ್ತಿ. ಟೈರ್ ಗಾಳಿ ಇಳಿಸಿದ್ದರೆ ಮೊದಲಿನಷ್ಟೇ ತುಂಬಿಸಿ, ವೀಲ್ ನಟ್ ಇನ್ನೊಮ್ಮೆ ಬಿಗಿ ಮಾಡಿ, ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಮಾಡಿ, ಬಾನೆಟ್ ಒಳಗೆ, ಗಾಡಿ ಕೆಳಗೆ ಏನಾದರೂ ಸೋರಿದೆಯಾ ನೋಡಿ. ಇಡೀ ದಿನ ಪೂರ್ತಿ ಒತ್ತಿದ ಕಾಲಿಗೆ ಮಾಮೂಲಿ ರಸ್ತೆಯ ವೇಗ ತುಂಬಾ ನಿಧಾನ ಅನ್ನಿಸುತ್ತದೆ, ಮೊದಲ ಹತ್ತು ನಿಮಿಷ ಸ್ಪೀಡೋಮೀಟರ್ ಮೇಲೆ ಕಣ್ಣಿರಲಿ.